ಹೊಳೆಮಣ್ಣೂರಿಗೆ ಹೋಗಬೇಕಿದ್ದ ಟ್ರ್ಯಾಕ್ಟರ್

ನೆರೆಯ ಹೊತ್ತಿಗೆ ರೇಡಿಯೋದಲ್ಲಿ ಸುದ್ದಿ ದಾಟಿಸುವ ಅಣಕು ಕಾರ್ಯಾಚರಣೆ ಮುಗಿದ ಸಂಜೆ ಮೂರು ಹಾಳೆಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟೆವು.

ಮೊದಲನೆಯದು ಹೊಳೆಮಣ್ಣೂರಿನಲ್ಲಿ ಕೂತಿದ್ದ ನಮ್ಮ ಪಾಲಿಟೆಕ್ನಿಕ್ ಹುಡುಗಿ ಬರೆದದ್ದು: ‘ಹೊಳೆಮಣ್ಣೂರು ಶಾಲೆ. ಬಾಣಂತಿ ಒಬ್ಬಳು. ವಯಸ್ಸಾದವರು ಮೂರು ಮಂದಿ. ಟ್ರ್ಯಾಕ್ಟರ್ ಬೇಕು. 10.42.’ ಎರಡನೆಯದು ನರಗುಂದದ ಗುಡ್ಡದ ಮೇಲಿದ್ದ ಕಾಕಾನದು: ‘ಹೊಳಿ — ಊರ ಸಾಲಿ. ಬಾಣಂತಿ. ವಯಸ್ಸಾದವರು —ರು ಮಂದಿ. ಟ್ರ್ಯಾಕ್ಟರ್. 10.44.’ ಮೂರನೆಯದು ನಿಯಂತ್ರಣ ಕೊಠಡಿಯದು: ‘ಹೊಳೆಆಲೂರು ಶಾಲೆ. ಬಾಣಂತಿ, ವಯಸ್ಸಾದವರು ಆರು ಮಂದಿ. ಟ್ರ್ಯಾಕ್ಟರ್. 10.45.’

ಮೂರನೆಯ ಹಾಳೆ ಬರೆದವನು ನಾನು. ಟ್ರ್ಯಾಕ್ಟರ್ ಹೊಳೆಆಲೂರಿಗೆ ಹೋಯಿತು. ಹೊಳೆಮಣ್ಣೂರಿನಲ್ಲಿ ಬಾಣಂತಿಯ ಪಾತ್ರ ವಹಿಸಿದ್ದ ಅಂಗನವಾಡಿ ಅಕ್ಕಾರು ದಿಂಬನ್ನೇ ಕೂಸು ಮಾಡಿ ಎತ್ತಿಕೊಂಡು ಕಾದು ಕಾದು, ಕೊನೆಗೆ ಗಿರ್ಮಿಟ್ ತರಿಸಿಕೊಂಡು ತಿಂದರು. ನೀರು ಬಂದಿರಲಿಲ್ಲ, ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಮೂರು ನಿಮಿಷದಲ್ಲಿ, ಮೂರು ಜನರ ಕೈಯಲ್ಲಿ, ಒಂದು ಊರು ಇನ್ನೊಂದು ಊರಾದದ್ದು ಹೇಗೆ ಎಂಬುದನ್ನು ಬಿಡಿಸಿ ನೋಡಲೇಬೇಕು ಅನ್ನಿಸಿತು.

ನಾವು ಯಾರು, ಅಲ್ಲಿಗೆ ಯಾಕೆ ಹೋದೆವು

ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಚದುರಿರುವ ಆರು ಜನ ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರು, ನಾವು. ಒಬ್ಬರು ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು, ಎಲ್ಲರಿಗೂ ಕಾಕಾ. ಇಬ್ಬರು ವಿದ್ಯಾರ್ಥಿಗಳು, ಒಬ್ಬ ಮೋಟಾರ್ ರಿವೈಂಡಿಂಗ್ ಅಂಗಡಿಯವ, ಒಬ್ಬರು ಮೇಷ್ಟ್ರು, ಮತ್ತೆ ನಾನು. ಹ್ಯಾಮ್ ಆಗಲು 12 ವರ್ಷ ತುಂಬಿರಬೇಕು, ಕೇಂದ್ರ ಸಂಪರ್ಕ ಸಚಿವಾಲಯದ ವೈರ್‌ಲೆಸ್ ವಿಭಾಗ ನಡೆಸುವ ಪರೀಕ್ಷೆ ಪಾಸಾಗಬೇಕು. ಆಮೇಲೆ ರೇಡಿಯೋದಲ್ಲಿ ಗುರುತು ಹೇಳಿಕೊಳ್ಳುವ ಕರೆಚಿಹ್ನೆ ಸಿಗುತ್ತದೆ: ಮೇಲಿನ ದರ್ಜೆಗೆ ವಿಯು2, ಕೆಳಗಿನದಕ್ಕೆ ವಿಯು3 ಎಂದು ಶುರುವಾಗುವಂಥದ್ದು. ಈ ಹವ್ಯಾಸದಿಂದ ಹಣ ಮಾಡುವಂತಿಲ್ಲ, ವ್ಯಾಪಾರದ ಮಾತು ಆಡುವಂತಿಲ್ಲ, ಗುಪ್ತಭಾಷೆ ಬಳಸುವಂತಿಲ್ಲ. ಈ ಕೊನೆಯ ನಿಯಮ ಮುಂದೆ ಒಂದು ಸಣ್ಣ ಜಗಳಕ್ಕೆ ಕಾರಣವಾಗುತ್ತದೆ, ನೆನಪಿರಲಿ.

ಮಲಪ್ರಭೆಯ ದಂಡೆಯ ಜನ ಪ್ರವಾಹ ಎನ್ನುವುದಿಲ್ಲ, ‘ಹೊಳಿ ಬಂತು’ ಎನ್ನುತ್ತಾರೆ. ಕಣಕುಂಬಿಯಲ್ಲಿ ಹುಟ್ಟುವ ಹೊಳೆಗೆ ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು ಇದೆ. ಅದರ ಮಟ್ಟ 2079.50 ಅಡಿ ಮುಟ್ಟುವ ಹೊತ್ತಿಗೆ ಗೇಟು ಎತ್ತುತ್ತಾರೆ, ಕೆಳಗೆ ಲಖಮಾಪುರ, ಕೊಣ್ಣೂರು, ಮೆಣಸಗಿ, ಹೊಳೆಆಲೂರು ಕಡೆಯವರು ಗಂಟುಮೂಟೆ ಕಟ್ಟುತ್ತಾರೆ. ಸಾಲದ್ದಕ್ಕೆ ಧಾರವಾಡ ಜಿಲ್ಲೆಯ ಮಳೆ ಹೊತ್ತು ಬೆಣ್ಣಿಹಳ್ಳವೂ ಬಂದು ಸೇರುತ್ತದೆ. 2009ರಲ್ಲಿ ಬಂತು, 2019ರ ಆಗಸ್ಟಿನಲ್ಲಿ ಬಂತು. 2019ರಲ್ಲಿ ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯೇ ನೀರಿನಡಿ ಹೋಯಿತು, ಲಖಮಾಪುರ ಖಾಲಿಯಾಯಿತು. ಇಂಥ ಹೊತ್ತಿನಲ್ಲಿ ಮೊದಲು ಕರೆಂಟ್ ತೆಗೆಯುತ್ತಾರೆ, ತೆಗೆಯಲೇಬೇಕು. ಮೊಬೈಲ್ ಟವರ್ ಬ್ಯಾಟರಿಯ ಮೇಲೆ ಕೆಲವು ತಾಸು ಜೀವ ಹಿಡಿಯುತ್ತದೆ. ಡೀಸೆಲ್ ಒಯ್ಯುವ ದಾರಿಯೇ ಮುಳುಗಿದ್ದರೆ ಆಮೇಲೆ ಅದೂ ಇಲ್ಲ. ಜಿಲ್ಲೆಯ ಸಹಾಯವಾಣಿ 1077 ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ, ಒತ್ತಲು ಸಿಗ್ನಲ್ ಇರುವುದಿಲ್ಲ.

ಅಧಿಕಾರಿಯೊಬ್ಬರು ಮೊದಲ ಸಭೆಯಲ್ಲೇ ಕೇಳಿದರು: “ಪೊಲೀಸರ ವೈರ್‌ಲೆಸ್ ಐತಲ್ರಿ, ನೀವ್ಯಾಕ?” ಸರಿಯಾದ ಪ್ರಶ್ನೆ. ಪೊಲೀಸ್ ವೈರ್‌ಲೆಸ್ಸಿಗೆ ಪೊಲೀಸರ ಕೆಲಸವೇ ಕುತ್ತಿಗೆತನಕ ಇರುತ್ತದೆ. ಒಂದು ಕಾಳಜಿ ಕೇಂದ್ರದಲ್ಲಿ ಹಾಲಿನ ಪುಡಿ ಮುಗಿದಿದೆ, ಇನ್ನೊಂದರಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಬೇಕು, ಮತ್ತೊಂದರಲ್ಲಿ ಎಮ್ಮೆಗಳಿಗೆ ಮೇವಿಲ್ಲ. ಇಂಥ ನೂರು ಸಣ್ಣ ಮಾತುಗಳಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಆ ಸಣ್ಣ ಮಾತುಗಳನ್ನು ನಾವು ಹೊರುತ್ತೇವೆ ಎಂದೆವು. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಬೇರೆ ಉದ್ದೇಶಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಉಳಿದ ಸಂಪರ್ಕ ಕಡಿದಾಗ ಅಂಡಮಾನಿನಿಂದ ಸುದ್ದಿ ದಾಟಿಸಿದ್ದು ಆ ತಂಡ. ಮೇಷ್ಟ್ರು ಇದನ್ನು ಹೇಳಿದ ಮೇಲೆ ಅಧಿಕಾರಿಗಳು ಕುರ್ಚಿ ಮುಂದೆ ಎಳೆದುಕೊಂಡರು. ಮಳೆಗಾಲಕ್ಕೆ ಮೊದಲು ಒಂದು ದಿನ ಅಣಕು ಮಾಡೋಣ ಎಂದಾಯಿತು.

ಗುಡ್ಡದ ಲೆಕ್ಕ

ರೋಣ ತಾಲ್ಲೂಕಿನ ಊರುಗಳಿಗೆ ನರಗುಂದದಲ್ಲಿ ಯಾಕೆ ನಿಯಂತ್ರಣ ಕೊಠಡಿ ಎಂದು ನೀವು ಕೇಳಬಹುದು. ರೋಣದವರೂ ಕೇಳಿದರು. ಕಾರಣ ಗುಡ್ಡ. 1858ರಲ್ಲಿ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದ ಕೋಟೆ ಇರುವ ಅದೇ ಗುಡ್ಡ. ಸುತ್ತ ಎತ್ತ ನೋಡಿದರೂ ಎರೆಹೊಲದ ಬಯಲು, ನಡುವೆ ಇದೊಂದು ಎದ್ದು ನಿಂತಿದೆ.

ನಾವು ಬಳಸುವ 144–146 ಮೆಗಾಹರ್ಟ್ಸ್ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಹೋಗುತ್ತವೆ. ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆದು 4.12ರಿಂದ ಗುಣಿಸಿದರೆ ಅಷ್ಟು ಕಿಲೋಮೀಟರ್ ದೂರಕ್ಕೆ ಅದರ ದಿಗಂತ. ಕೈಯಲ್ಲಿ ಹಿಡಿದ ಸೆಟ್ಟು 2 ಮೀಟರ್ ಎತ್ತರದಲ್ಲಿದ್ದರೆ ಸುಮಾರು 6 ಕಿ.ಮೀ. ಅದೂ ಕಾಗದದ ಮೇಲೆ. ಜಾಲಿಕಂಟಿ, ಮನೆಗೋಡೆ ಅಡ್ಡ ಬಂದರೆ ಅರ್ಧಕ್ಕೆ ಇಳಿಯುತ್ತದೆ. ಸುತ್ತಲಿನ ನೆಲಕ್ಕಿಂತ 100 ಮೀಟರ್ ಮೇಲೆ ನಿಂತರೆ 41 ಕಿ.ಮೀ. ಹೊಳೆಸಾಲಿನ ಊರುಗಳೋ ಹೊಳೆಯ ತಗ್ಗಿನಲ್ಲಿವೆ. ಅಲ್ಲಿಂದ ಒಂದಕ್ಕೊಂದು ಮಾತಾಡಲಾರವು, ಆದರೆ ಎಲ್ಲವೂ ಗುಡ್ಡದ ಜೊತೆ ಮಾತಾಡಬಲ್ಲವು. ಹಾಗಾಗಿ ಗುಡ್ಡದ ಮೇಲೆ ಕಾಕಾ. ಕೆಳಗಿನವರು ಹೇಳಿದ್ದನ್ನು ಅವರು ಕೇಳಿ, ಬರೆದು, ನನಗೆ ತಿರುಗಿ ಹೇಳಬೇಕು. ರಿಪೀಟರ್ ಎಂಬ ಯಂತ್ರ ಈ ಕೆಲಸವನ್ನು ತಾನೇ ಮಾಡುತ್ತದೆ, ನಮ್ಮ ಹತ್ತಿರ ಅದಿರಲಿಲ್ಲ. ನಮ್ಮ ರಿಪೀಟರಿಗೆ 64 ವರ್ಷ ವಯಸ್ಸು, ತಲೆಗೆ ಬಿಸಿಲ ಟೋಪಿ.

ಊರುಗಳಲ್ಲಿ ಐದು ವಾಟಿನ ಕೈಸೆಟ್ಟು. ಅದರ ರಬ್ಬರ್ ಆಂಟೆನಾ ಬಿಚ್ಚಿ, ಹಳೇ ಟಿವಿಯ ಪಟ್ಟಿತಂತಿಯಲ್ಲಿ ಮಾಡಿದ ಜೆ-ಪೋಲ್ ಆಂಟೆನಾವನ್ನು ಶಾಲೆಯ ಧ್ವಜಸ್ತಂಭಕ್ಕೆ ಏರಿಸಿದ್ದೆವು. ಇದು ಬಹಳ ಚೆನ್ನಾಗಿ ಕೆಲಸ ಮಾಡಿತು. ಖರ್ಚು ಒಂದು ಪ್ಲೇಟ್ ಊಟಕ್ಕಿಂತ ಕಡಿಮೆ. ಹೊಸಬರು ಸೆಟ್ಟಿಗೆ ದುಡ್ಡು ಸುರಿಯುತ್ತಾರೆ, ಆಂಟೆನಾ ಮರೆಯುತ್ತಾರೆ, ಅದು ಬೇರೆ ಮಾತು.

ತಪ್ಪಿದ್ದು ಗುಡ್ಡದ ಮೇಲೆ. ಕಾಕಾನ ಬಳಿ ಇದ್ದದ್ದು 50 ವಾಟಿನ ಸೆಟ್ಟು, ಯುಪಿಎಸ್‌ನಿಂದ ತೆಗೆದ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. ಪೂರ್ತಿ ಬಲದಲ್ಲಿ ಮಾತಾಡುವಾಗ ಆ ಸೆಟ್ಟು 10 ಆಂಪಿಯರ್ ಮೀರಿ ಎಳೆಯುತ್ತದೆ. ಯುಪಿಎಸ್ ಬ್ಯಾಟರಿ ಅಂಥ ಎಳೆತಕ್ಕೆ ಅರ್ಧ ತಾಸು ಬಾಳಿದರೆ ಹೆಚ್ಚು. ಎಲ್ಲ ಊರುಗಳ ಮಾತನ್ನೂ ಕಾಕಾ ಎರಡನೇ ಸಲ ಆಡಬೇಕಲ್ಲ, ಆ ಅರ್ಧ ತಾಸು ಹತ್ತೂವರೆ ಗಂಟೆಗೇ ಕರಗಿತ್ತು. ವೋಲ್ಟೇಜ್ ಕುಸಿದಂತೆ ಕಾಕಾನ ದನಿ ಗಂಟಲು ಕಟ್ಟಿದಂತಾಗಿ, ಪದಗಳ ನಡುವೆ ಹರಿಯತೊಡಗಿತು. ನಾನು ಗುಡ್ಡದ ಬುಡದಲ್ಲೇ ಇದ್ದೆ. ಅಷ್ಟು ಹತ್ತಿರಕ್ಕೆ ಐದು ವಾಟೂ ಸಾಕಿತ್ತು. ಬಲ ಇಳಿಸಿ ಎಂದು ಹೇಳಬೇಕಿದ್ದವನು ನಾನು. ಹೇಳಲಿಲ್ಲ, ಹೊಳೆಯಲೂ ಇಲ್ಲ.

ಅದಕ್ಕೂ ಮುಂಚಿನ ಒಂದು ಎಡವಟ್ಟು

ಬೆಳಿಗ್ಗೆ ಒಂಬತ್ತಕ್ಕೆ ಕೊಣ್ಣೂರಿನಲ್ಲಿ ನಮ್ಮ ಹುಡುಗ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಸೆಟ್ಟಿನ ಸ್ಪೀಕರ್ ದೊಡ್ಡದು ಮಾಡಿದ್ದ. ‘ನೀರು ಏರಾಕತ್ತೈತಿ, ಕೆಳಗಿನ ಓಣಿ ಖಾಲಿ ಮಾಡಿಸ್ರಿ’ ಎಂಬ ಅಣಕು ಸಂದೇಶ ಅಂಗಡಿ ತುಂಬ ಕೇಳಿತು. ಚಹಾ ಕುಡಿಯುತ್ತಿದ್ದವರೊಬ್ಬರು ಮೊಬೈಲ್ ತೆಗೆದರು. ಹತ್ತು ನಿಮಿಷದಲ್ಲಿ ಓಣಿಯ ಹೆಣ್ಣುಮಕ್ಕಳಿಬ್ಬರು ಹಾಸಿಗೆ ಸುತ್ತತೊಡಗಿದ್ದರು. ಜೂನ್ ತಿಂಗಳು, ಹೊಳೆಯಲ್ಲಿ ಮೊಣಕಾಲುದ್ದ ನೀರಿಲ್ಲ, ಆದರೂ 2019 ನೋಡಿದವರಿಗೆ ನಂಬಲು ಅಷ್ಟು ಸಾಕು. ತಲಾಟಿಯವರು ಓಣಿಗೇ ಹೋಗಿ ಸಮಾಧಾನ ಹೇಳಿ ಬರಬೇಕಾಯಿತು.

ಪ್ರತಿ ಸಂದೇಶದ ಮೊದಲಿಗೆ ‘ಅಣಕು’ ಎನ್ನಬೇಕೆಂದು ಮಾತಾಗಿತ್ತು. ಎಂದಿದ್ದರು ಕೂಡ. ಆದರೆ ಗುಂಡಿ ಒತ್ತಿದ ಕೂಡಲೇ ಮಾತು ಶುರುಮಾಡಿದರೆ ಮೊದಲ ಒಂದೆರಡು ಅಕ್ಷರ ಗಾಳಿಗೆ ಹೋಗುತ್ತವೆ. ಹೋದದ್ದು ಆ ‘ಅಣಕು’ವೇ. ಅಂದಿನಿಂದ ನಮ್ಮ ರೂಢಿ: ಗುಂಡಿ ಒತ್ತು, ಉಸಿರು ತೆಗೆದುಕೋ, ಆಮೇಲೆ ಮಾತಾಡು. ಊರೊಳಗೆ ಕೂತವರಿಗೆ ಕಿವಿಗೆ ಹಾಕುವ ಇಯರ್‌ಫೋನ್ ಕಡ್ಡಾಯ.

ಊರು ಹೇಗೆ ಬದಲಾಯಿತು

ಈಗ 10.42ಕ್ಕೆ ಬರೋಣ. ಹುಡುಗಿ ಸ್ಪಷ್ಟವಾಗಿಯೇ ಹೇಳಿದ್ದಳು. ತನ್ನ ಮೊಬೈಲಿನಲ್ಲಿ ತನ್ನ ಮಾತನ್ನು ತಾನೇ ಮುದ್ರಿಸಿಕೊಂಡಿದ್ದಳು, ಕೇಳಿದೆವು. ಆದರೆ ಆ ಹೊತ್ತಿಗೆ ಲಖಮಾಪುರದವನೂ ಮಾತಾಡಲು ಗುಂಡಿ ಒತ್ತಿದ್ದ. ಎರಡು ದನಿ ಒಂದರ ಮೇಲೊಂದು ಬಿದ್ದು ಕಾಕಾನಿಗೆ ಊರಿನ ಹೆಸರಿನ ಹೊಟ್ಟೆ ಕೇಳಲಿಲ್ಲ. ತಲೆ ಕೇಳಿತು: ಹೊಳಿ. ಬಾಲ ಕೇಳಿತು: ಊರು.

ಆ ದಂಡೆಯ ಮೇಲೆ ಹೊಳೆ ಎಂದು ಶುರುವಾಗುವ ಊರು ಎಷ್ಟಿವೆ ನೋಡಿ: ಹೊಳೆಆಲೂರು, ಹೊಳೆಮಣ್ಣೂರು, ಹೊಳೆಹಡಗಲಿ. ಹೊಳೆಯ ದಂಡೆಯ ಊರಿಗೆ ಹೊಳೆ ಎಂದೇ ಹೆಸರಿಡುತ್ತಾರೆ, ತಪ್ಪೇನೂ ಅಲ್ಲ. ಆದರೆ ರೇಡಿಯೋದಲ್ಲಿ ಅದು ಏನನ್ನೂ ಹೇಳದ ಅಕ್ಷರ. ಬಾಲದ ಊರು ಅದಕ್ಕಿಂತ ಕಡೆ. ಗುರುತು ಇರುವುದು ನಡುವಿನ ಒಂದೂವರೆ ಅಕ್ಷರದಲ್ಲಿ: ಮಣ್, ಆಲ್. ಅದೇ ಹೋಯಿತು.

ಕಾಕಾ ತನಗೆ ಕೇಳಿದಷ್ಟನ್ನೇ ಬರೆದು, ಕೇಳದ ಕಡೆ ಗೆರೆ ಎಳೆದಿದ್ದರು. ರೈಲ್ವೆಯ ಶಿಸ್ತು ಅದು, ಸಿಗ್ನಲ್ ಕಾಣದಿದ್ದರೆ ಹಸಿರು ಇರಬಹುದು ಎಂದು ಊಹಿಸಬಾರದು. ಆದರೆ ಹುಡುಗಿಗೆ ‘ಇನ್ನೊಮ್ಮೆ ಹೇಳು’ ಎನ್ನುವ ಮೊದಲೇ ಬ್ಯಾಟರಿ ಸಾಯುತ್ತಿದೆ ಎಂಬ ಆತುರಕ್ಕೆ ನನಗೆ ದಾಟಿಸಿದರು. ನಾನು ಆ ಗೆರೆಯನ್ನು ತುಂಬಿದೆ. ಯಾಕೆಂದರೆ ಹೊಳೆಆಲೂರು ನನಗೆ ಗೊತ್ತಿದ್ದ ಊರು. ಅಲ್ಲಿ ರೈಲ್ವೆ ಸ್ಟೇಷನ್ ಇದೆ, ಗದಗದಿಂದ ಬಾಗಲಕೋಟೆಗೆ ಹೋಗುವಾಗ ಎಷ್ಟೋ ಸಲ ದಾಟಿದ್ದೇನೆ. ಕಿವಿಗೆ ಬಿದ್ದದ್ದನ್ನು ಬರೆಯಲಿಲ್ಲ, ತಲೆಯಲ್ಲಿ ಮೊದಲೇ ಇದ್ದದ್ದನ್ನು ಬರೆದೆ. ‘—ರು ಮಂದಿ’ ಆರು ಮಂದಿಯಾದದ್ದೂ ಹಾಗೆಯೇ. ಬರೆದ ಮೇಲೆ ಓದಿ ಹೇಳಿ ಖಚಿತ ಮಾಡಿಕೊಳ್ಳಬೇಕಿತ್ತು, ‘ರೋಜರ್’ ಎಂದುಬಿಟ್ಟೆ. ರೋಜರ್ ಅಂದರೆ ಪೂರ್ತಿ ಕೇಳಿಸಿತು ಎಂದರ್ಥ. ನನಗೆ ಪೂರ್ತಿ ಕೇಳಿಸಿರಲಿಲ್ಲ.

ಟ್ರ್ಯಾಕ್ಟರಿನವನು ಹೊಳೆಆಲೂರಿನಲ್ಲಿ ಬಾಣಂತಿಯನ್ನು ಹುಡುಕಿ ಸುಸ್ತಾಗಿ, ಅಣಕಿನ ನಿಯಮ ಮುರಿದು ತಲಾಟಿಯವರಿಗೆ ಫೋನ್ ಮಾಡಿದ. ಒಳ್ಳೆಯದೇ ಆಯಿತು. ಊರು ತಪ್ಪಾಗಿದೆ, ಹೊಳೆಮಣ್ಣೂರಿಗೆ ಹೋಗು ಎಂದಾಗ ಅವನು ಕೇಳಿದ ಪ್ರಶ್ನೆ ನಮ್ಮ ಯಾರ ಹಾಳೆಯಲ್ಲೂ ಇರಲಿಲ್ಲ:

“ಹಳೇ ಊರಿಗೆ ಹೋಗ್ಲೋ, ನವಗ್ರಾಮಕ್ಕ ಹೋಗ್ಲೋ?”

2009ರ ಹೊಳೆಯ ನಂತರ ದಂಡೆಯ ಹಲವು ಊರುಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಲು ಆಸರೆ ಮನೆಗಳನ್ನು ಕಟ್ಟಿಸಿದರು. ಕೆಲವರು ಹೋದರು, ಕೆಲವರು ಹೊಲ ದೂರವಾಗುತ್ತದೆಂದು, ದನ ಕಟ್ಟಲು ಜಾಗ ಸಾಲದೆಂದು ಹಳೇ ಮನೆಯಲ್ಲೇ ಉಳಿದರು. ಒಂದೇ ಹೆಸರು, ಎರಡು ಊರು. ನೀರು ಏರುವುದು ಹಳೇ ಊರಿಗೆ, ಜನ ಹತ್ತುವುದು ನವಗ್ರಾಮಕ್ಕೆ. ಹುಡುಗಿ ಬರೆದಿದ್ದ ‘ಹೊಳೆಮಣ್ಣೂರು ಶಾಲೆ’ ಒಂದಕ್ಷರವೂ ತಪ್ಪದೆ ನನಗೆ ತಲುಪಿದ್ದರೂ ಟ್ರ್ಯಾಕ್ಟರ್ ತಪ್ಪು ಜಾಗಕ್ಕೆ ಹೋಗುವ ಸಾಧ್ಯತೆ ಇತ್ತು. ಇದು ನನ್ನ ತಪ್ಪಿಗಿಂತ ದೊಡ್ಡದು ಎಂದು ನಾನು ಹೇಳಿದರೆ ನುಣುಚಿಕೊಂಡಂತೆ ಕೇಳುತ್ತದೆ. ತಲಾಟಿಯವರು ಹೇಳಿದರು, ಅವರ ಮಾತಿನ ಮೇಲೆ ಬರೆದುಕೊಂಡಿದ್ದೇನೆ.

ಏನು ಬದಲಾಯಿಸಿದೆವು

ಬ್ಯಾಟರಿಯ ಕೆಲಸ ಆ ಮಧ್ಯಾಹ್ನವೇ ಮುಗಿಯಿತು. ಕೆಳಗೆ ನಿಂತಿದ್ದ ಟ್ರ್ಯಾಕ್ಟರೊಂದರ ಬ್ಯಾಟರಿ ಕಳಚಿ ಹುಡುಗರಿಬ್ಬರು ಗುಡ್ಡಕ್ಕೆ ಹೊತ್ತರು, ಸೆಟ್ಟಿನ ಬಲವನ್ನು 10 ವಾಟಿಗೆ ಇಳಿಸಿದೆವು. ಐವತ್ತರಿಂದ ಹತ್ತಕ್ಕೆ ಇಳಿದರೂ ಕೇಳುವವನ ಮೀಟರಿನಲ್ಲಿ ಒಂದು ಗೆರೆಯಷ್ಟೇ ಕಮ್ಮಿ. ಹಳ್ಳಿಯಲ್ಲಿ ಟ್ರ್ಯಾಕ್ಟರ್ ಇರುವತನಕ ನಮಗೆ ಬ್ಯಾಟರಿಯ ಚಿಂತೆ ಇಲ್ಲ ಎಂಬುದು ಅಂದು ಸಿಕ್ಕ ಬೋನಸ್ಸು.

ಹೆಸರಿನ ಕೆಲಸಕ್ಕೆ ಮೂರು ವಾರ ಹಿಡಿಯಿತು. ಹ್ಯಾಮ್‌ಗಳು ಕರೆಚಿಹ್ನೆ ಹೇಳಲು ಆಲ್ಫಾ, ಬ್ರಾವೊ, ಚಾರ್ಲಿ ಎಂಬ ಅಕ್ಷರಮಾಲೆ ಬಳಸುತ್ತಾರೆ. ಊರಿನ ಹೆಸರನ್ನೂ ಹಾಗೇ ಬಿಡಿಸಿ ಹೇಳೋಣ ಎಂದೆ. ಹೊಳೆಮಣ್ಣೂರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯಬೇಕೆಂಬುದರಲ್ಲೇ ಮೂವರು ಮೂರು ಥರ ಬರೆದರು. ಹುಡುಗಿ ನಕ್ಕು ಹೇಳಿದಳು: “ಸರ, ಹೊಳಿ ಬಿಟ್ಟಬಿಡ್ರಿ. ಮಣ್ಣೂರಿಗೆ ಮಣ್ಣು ಅನ್ನೂಣು. ಆಲೂರಿಗೆ ಆಲದಮರ. ಹಡಗಲಿಗೆ ಹಡಗು.”

ಇಷ್ಟೇ. ಊರಿನ ಹೆಸರು ಒಮ್ಮೆ, ಗುರುತಿನ ಪದ ಎರಡು ಸಲ: ‘ಹೊಳೆಮಣ್ಣೂರು, ಮಣ್ಣು, ಮಣ್ಣು.’ ಅದರ ಹಿಂದೆಯೇ ‘ಹಳೇ ಊರು’ ಅಥವಾ ‘ನವಗ್ರಾಮ’, ಕಡ್ಡಾಯವಾಗಿ. ಇಲ್ಲಿಯೇ ಜಗಳ ಆದದ್ದು. ಮೇಷ್ಟ್ರು ಕಾನೂನು ತೆಗೆದರು: ಗುಪ್ತಭಾಷೆ ನಿಷಿದ್ಧ, ಮಣ್ಣು-ಹಡಗು ಗುಪ್ತಭಾಷೆ ಆಗುವುದಿಲ್ಲವೇ? ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಿದ ಹಾಳೆಯಲ್ಲಿರುವುದು ಗುಪ್ತ ಹೇಗೆ ಎಂದು ಕಾಕಾ. ಪೂರ್ತಿ ಹೆಸರನ್ನೂ ಜೊತೆಗೇ ಹೇಳುತ್ತೇವಲ್ಲ ಎಂದು ನಾನು. ಹಾಳೆಯನ್ನು ಪಂಚಾಯ್ತಿಯ ಗೋಡೆಗೂ ಹಚ್ಚಬೇಕು ಎಂಬ ಷರತ್ತಿನ ಮೇಲೆ ಮೇಷ್ಟ್ರು ಒಪ್ಪಿದರು.

ಸಂಖ್ಯೆಗಳದ್ದು ಇನ್ನೂ ಮೋಜು. ಮೂರು, ಆರು, ನೂರು. ಮಂಕು ದನಿಯಲ್ಲಿ ಮೂರೂ ಒಂದೇ ಅಂತ್ಯಪ್ರಾಸ. ಊರು ಎಂಬುದೂ ಅದೇ ಸಾಲಿಗೆ. ಕವಿಗಳಿಗೆ ವರ, ನಮಗೆ ಶಾಪ. ಕಾಕಾ ಇದಕ್ಕೆ ಅಂಗನವಾಡಿಯ ಉಪಾಯ ಮಾಡಿದರು: ಹತ್ತರೊಳಗಿನ ಸಂಖ್ಯೆಯನ್ನು ಎಣಿಸಿಯೇ ಹೇಳಬೇಕು. ‘ಮೂರು ಮಂದಿ. ಒಂದು, ಎರಡು, ಮೂರು.’ ಅಧಿಕಾರಿಗಳಿಗೆ ಬಾಲಿಶ ಅನ್ನಿಸಿತು. ಅನ್ನಿಸಲಿ.

ಇಂಗ್ಲಿಷ್ ಸಂದೇಶಗಳಲ್ಲಿ ಪದಗಳ ಒಟ್ಟು ಎಣಿಕೆಯನ್ನು ಹಾಳೆಯ ಮೇಲ್ತುದಿಯಲ್ಲಿ ಬರೆಯುವ ಪದ್ಧತಿ ಇದೆ. ಕೇಳಿದವನು ಎಣಿಸಿ ನೋಡಿ ಒಂದು ಕಮ್ಮಿ ಬಂದರೆ ಮತ್ತೆ ಕೇಳುತ್ತಾನೆ. ಕನ್ನಡದಲ್ಲಿ ಪ್ರಯತ್ನಿಸಿ ಕೈಬಿಟ್ಟೆವು. ‘ಕಳಿಸಿಕೊಡಬೇಕು’ ಒಂದು ಪದವೋ, ಎರಡೋ, ಮೂರೋ? ಹುಡುಗಿಗೆ ಒಂದು, ಕಾಕಾನಿಗೆ ಎರಡು. ಎಣಿಕೆಯ ಬದಲು ಓದಿ ಒಪ್ಪಿಸುವುದೇ ಗಟ್ಟಿ ಎಂದು ತೀರ್ಮಾನಿಸಿದೆವು: ಬರೆದವನು ಪೂರ್ತಿ ಓದಬೇಕು, ಕಳಿಸಿದವನು ‘ಸರಿ’ ಎನ್ನುವತನಕ ಹಾಳೆ ಯಾರ ಕೈಗೂ ಹೋಗಬಾರದು. ಗುಡ್ಡದ ಮೇಲಿರುವವನು ನಡುವೆ ಒಂದಕ್ಷರ ಸೇರಿಸಬಾರದು, ತಿದ್ದಬಾರದು. ‘ರೋಜರ್’ ಪದವನ್ನು ನಮ್ಮ ಗುಂಪಿನಲ್ಲಿ ಆರು ತಿಂಗಳು ನಿಷೇಧಿಸಿದೆವು. ನನ್ನಿಂದಾಗಿಯೇ.

ಜಾತ್ರೆಯಲ್ಲಿ

ನೆರೆಗಾಗಿ ಕಾಯುತ್ತ ಕೂತರೆ ರೂಢಿ ಉಳಿಯುವುದಿಲ್ಲ. ಅದಕ್ಕೇ ಜಾತ್ರೆ, ಓಟ ಎಂದರೆ ನಾವು ಮುಂದಾಗುತ್ತೇವೆ. ಸಾವಿರಾರು ಮೊಬೈಲು ಒಂದೇ ಟವರಿಗೆ ಜೋತುಬಿದ್ದಾಗ ಕರೆ ಹೋಗುವುದಿಲ್ಲ. ಅಣೆಕಟ್ಟು ತುಂಬದೆಯೇ ಸಿಗುವ ಪರೀಕ್ಷೆ ಅದು. ನಮ್ಮ ಭಾಗದ ಒಂದು ದೊಡ್ಡ ಜಾತ್ರೆಯಲ್ಲಿ ತೇರಿನ ದಿನ ನಾಲ್ಕು ಕಡೆ ನಮ್ಮವರೇ ನಿಂತು ಹೊಸ ಪದ್ಧತಿಯನ್ನು ಪರೀಕ್ಷಿಸಿದೆವು. ಸಂಜೆ ಆರಕ್ಕೆ ಹುಡುಗಿಯ ಕಡೆಯಿಂದ ಮಾತು ಬಂತು: “ಪೊಲೀಸ್ ಚೌಕಿ ಹತ್ರ ಒಂದು ಕೂಸು ಸಿಕ್ಕೈತಿ. ಗಂಡು. ವಯಸ್ಸು ಮೂರು. ಒಂದು, ಎರಡು, ಮೂರು. ಹಳದಿ ಅಂಗಿ.” ಅದೇ ಹೊತ್ತಿಗೆ ದ್ವಾರಬಾಗಿಲ ಬಳಿ ಆರು ವರ್ಷದ ಇನ್ನೊಬ್ಬ ಹುಡುಗ, ಅವನದೂ ಹಳದಿ ಅಂಗಿ. ಜಾತ್ರೆಯಲ್ಲಿ ಒಂದೇ ಅಂಗಡಿಯಿಂದ ಊರೆಲ್ಲ ಬಟ್ಟೆ ಕೊಂಡಿರುತ್ತದೆ. ಎರಡೂ ಕಡೆಯ ತಾಯಂದಿರು ನನ್ನ ಮೇಜಿನ ಮುಂದೆ ಅಳುತ್ತ ನಿಂತಿದ್ದರು. ಓದಿ ಒಪ್ಪಿಸಿದೆ, ಎಣಿಸಿದೆ, ಒಬ್ಬರನ್ನು ಚೌಕಿಗೆ, ಇನ್ನೊಬ್ಬರನ್ನು ದ್ವಾರಬಾಗಿಲಿಗೆ ಕಳಿಸಿದೆ. ಅದಲುಬದಲಾಗಲಿಲ್ಲ.

ಬಗೆಹರಿಯದ್ದೂ ಇದೆ. ಜಿಲ್ಲೆಯ ಆಚೆ, ಬೆಂಗಳೂರಿನವರೆಗೆ ಮಾತು ದಾಟಿಸಲು 7.110 ಮೆಗಾಹರ್ಟ್ಸ್‌ನಲ್ಲಿ 20 ಮೀಟರ್ ತಂತಿಯನ್ನು ನೆಲಕ್ಕೆ ತಗ್ಗಾಗಿ ಕಟ್ಟಿ ನೋಡಿದ್ದೇವೆ. ಹಗಲು ಚೆನ್ನಾಗಿ ಹೋಗುತ್ತದೆ. ರಾತ್ರಿಯಾದರೆ ಹತ್ತಿರದವರನ್ನು ಹಾರಿ ದೂರದೇಶದವರಿಗೆ ಕೇಳುತ್ತದೆ. ಹೊಳೆ ರಾತ್ರಿಯೂ ಬರಬಹುದು.

ಗೋಡೆಯ ಹಾಳೆಯ ಬಗ್ಗೆ ಕಳೆದ ತಿಂಗಳು ತಲಾಟಿಯವರ ಫೋನ್ ಬಂತು.

“ನಿಮ್ಮ ಹಾಳ್ಯಾಗ ಬೆಳ್ಳೇರಿ, ಬೇಲೇರಿ ಬಿಟ್ಟೀರಲ್ರಿ. ಒಂದು ನರಗುಂದ ತಾಲ್ಲೂಕು, ಒಂದು ರೋಣ.”

“ಏನಂತ ಹಾಕೂಣ್ರಿ ಸರ?”

“ಬೆಳ್ಳಿ ಒಂದಕ್ಕ, ಬೇಲಿ ಒಂದಕ್ಕ.”

ಪಕ್ಕದಲ್ಲೇ ಕೂತಿದ್ದ ಕಾಕಾ ತಲೆ ಅಲ್ಲಾಡಿಸಿದರು. “ಬೆಳ್ಳಿ, ಬೇಲಿ ಎರಡೂ ಒಂದ ಕೇಳ್ತಾವು. ಬೆಳ್ಳೇರಿಗೆ ಬಂಗಾರ ಅಂತ ಬರ್ಕೊ.”

ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ಬೆಳ್ಳೇರಿಯವರನ್ನೂ ಒಂದು ಮಾತು ಕೇಳಬೇಕು.